ವಾಸಿಯಾಗದ ಕಾಯಿಲೆಗೂ ಆರೈಕೆ ಇದೆ
ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಬಾಯಿಯ ಕ್ಯಾನ್ಸರ್ ಕುತ್ತಿಗೆಗೆ ಹಬ್ಬಿದೆ. ಬೆಂಗಳೂರಿನಲ್ಲಿ ಚಿಕಿತ್ಸೆ ಮುಗಿಸಿ, ‘ಇನ್ನು ಮನೆಯಲ್ಲೇ ನೋಡಿಕೊಳ್ಳಿ’ ಎಂದು ಕಳುಹಿಸಿದ್ದಾರೆ. ರಾತ್ರಿಯೆಲ್ಲ ನೋವಿನಿಂದ ನರಳುತ್ತಾರೆ. ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರೂ ಅದು ನಶೆಯ ಔಷಧ, ಕೊಟ್ಟರೆ ಬೇಗ ಹೋಗಿಬಿಡುತ್ತಾರೆ ಎಂದು ನಮ್ಮ ಕಾಕಾ ಬೇಡವೆನ್ನುತ್ತಾರೆ. ಕೇರಳದಲ್ಲಿ ಇಂಥವರನ್ನು ಮನೆಗೇ ಬಂದು ನೋಡುತ್ತಾರಂತೆ. ನಮ್ಮ ಕಡೆ ಏಕಿಲ್ಲ?
– ಹೆಸರು ಬೇಡ, ಸಿಂಧನೂರು ತಾಲ್ಲೂಕು

ಉತ್ತರ: ತಂದೆಯವರು ಈ ರಾತ್ರಿಯೂ ನರಳುತ್ತಿರುವುದರಿಂದ ಮಾರ್ಫಿನ್ ವಿಷಯವನ್ನೇ ಮೊದಲು ಹೇಳುತ್ತೇವೆ. ವೈದ್ಯರು ಬರೆದ ಪ್ರಮಾಣದಲ್ಲಿ, ಸಣ್ಣದಾಗಿ ಆರಂಭಿಸಿ ನೋವಿಗೆ ತಕ್ಕಂತೆ ಏರಿಸುತ್ತಾ ಹೋಗುವ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ಕ್ಯಾನ್ಸರ್ ನೋವಿಗಾಗಿ ಹೀಗೆ ತೆಗೆದುಕೊಳ್ಳುವವರು ಚಟಕ್ಕೆ ಬೀಳುವುದೂ ಅಪರೂಪ. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಮಾತ್ರ ಇರುತ್ತದೆ. ಆದ್ದರಿಂದ ನೋವು ಬಂದ ಮೇಲೆ ಕೊಡುವ ಬದಲು, ಬರೆದುಕೊಟ್ಟ ವೇಳೆಗೆ ಸರಿಯಾಗಿ ಕೊಡಬೇಕು. ಮಲಬದ್ಧತೆ ಆಗಿಯೇ ಆಗುತ್ತದೆಂದು ತಿಳಿದು, ಅದಕ್ಕೆ ಬೇಕಾದ ಔಷಧವನ್ನು ಮೊದಲ ದಿನದಿಂದಲೇ ಕೇಳಿ ಪಡೆಯಿರಿ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು. ಎಬ್ಬಿಸಿದರೂ ಏಳದಷ್ಟು ಮಂಪರಾದರೆ ಅಥವಾ ಉಸಿರು ತೀರಾ ನಿಧಾನವಾದರೆ ಕೂಡಲೇ ವೈದ್ಯರಿಗೆ ತಿಳಿಸಿ. ನುಂಗಲು ಆಗದಿದ್ದರೆ ಅದನ್ನೂ ಹೇಳಿ, ಬೇರೆ ದಾರಿಗಳಿವೆ. ಹುಣ್ಣು ವಾಸನೆ ಬರುತ್ತಿದ್ದರೆ ಮೆಟ್ರೊನಿಡಜೋಲ್ ಮಾತ್ರೆಯ ಪುಡಿಯನ್ನು ಹುಣ್ಣಿನ ಮೇಲೆ ಹಾಕಬಹುದೇ ಎಂದು ವೈದ್ಯರನ್ನು ಕೇಳಿ. ಇದು ಅಗ್ಗದ ಉಪಾಯ. ವಾಸನೆಯ ಕಾರಣಕ್ಕೇ ಮೊಮ್ಮಕ್ಕಳು ಹತ್ತಿರ ಬಾರದಂತಾಗಿ, ನೋವಿನ ಮೇಲೆ ಒಂಟಿತನವೂ ಸೇರಿಕೊಳ್ಳುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ.

ಇನ್ನು ‘ಏಕಿಲ್ಲ’ ಎಂಬ ಪ್ರಶ್ನೆ. ನರ್ಸ್ ಆಗಿ, ಸಮಾಜ ಕಾರ್ಯಕರ್ತೆಯಾಗಿ, ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಲಂಡನ್ನಿನಲ್ಲಿ ಕೊನೆಗಾಲದ ರೋಗಿಗಳ ಆರೈಕೆಗೆಂದೇ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ ಆಸ್ಪತ್ರೆ ತೆರೆದಾಗ, ಸಾಯುವವರ ನೋವು ದೇಹಕ್ಕಷ್ಟೇ ಸೇರಿದ್ದಲ್ಲ, ಮನಸ್ಸು, ಸಂಸಾರ, ನಂಬಿಕೆ ಎಲ್ಲದರಲ್ಲೂ ಇರುತ್ತದೆ ಎಂಬ ತಿಳಿವಳಿಕೆಯ ಮೇಲೆ ಆರೈಕೆಯನ್ನು ಕಟ್ಟಿದರು. ಆದರೆ ಅಂಥ ಕಟ್ಟಡವನ್ನು ಊರೂರಿಗೆ ಕಟ್ಟುವುದು ಬಡ ದೇಶಗಳಿಗೆ ಸಾಧ್ಯವಿರಲಿಲ್ಲ. 1993ರಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಅವರು ಆರಂಭಿಸಿದ ಕ್ಲಿನಿಕ್ಕಿನಿಂದ ಬೆಳೆದ ಕೆಲಸವು ಆರೈಕೆಯನ್ನೇ ಮನೆಗೆ ಕೊಂಡೊಯ್ದಿತು: ಊರಿನ ಸ್ವಯಂಸೇವಕರು, ತರಬೇತಾದ ನರ್ಸ್, ಅಗತ್ಯವಿದ್ದಾಗ ವೈದ್ಯರು. 2008ರಲ್ಲಿ ಕೇರಳ ಸರ್ಕಾರ ಇದನ್ನು ನೀತಿಯಾಗಿ ಒಪ್ಪಿದ ಮೇಲೆ ಪಂಚಾಯಿತಿಗಳು ಹೊಣೆ ಹೊತ್ತವು. ವೈದ್ಯರೇ ವಿರಳವಾಗಿದ್ದ ಉಗಾಂಡ ಇನ್ನೂ ಮುಂದೆ ಹೋಗಿ, ವಿಶೇಷ ತರಬೇತಿ ಪಡೆದ ನರ್ಸ್‌ಗಳೇ ಮಾರ್ಫಿನ್ ಬರೆಯಲು ಕಾನೂನಿನಲ್ಲಿ ಅವಕಾಶ ಮಾಡಿತು. ಅಲ್ಲಿ ಮಾರ್ಫಿನ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿ ಕೊಡುತ್ತಾರೆ.

ನಮ್ಮಲ್ಲಿ ಅಡ್ಡಿಯಾದದ್ದು ಬಹುಮಟ್ಟಿಗೆ ಕಾಗದಪತ್ರ. ಮಾರ್ಫಿನ್ ತಯಾರಾಗುವ ಅಫೀಮನ್ನು ಔಷಧಕ್ಕಾಗಿ ಬೆಳೆದು ಹೊರದೇಶಗಳಿಗೆ ಕಳುಹಿಸುವ ಈ ದೇಶದಲ್ಲಿ, 1985ರ ಮಾದಕ ವಸ್ತು ಕಾಯ್ದೆಯ ನಂತರ ಆಸ್ಪತ್ರೆಗಳು ಹಲವು ಪರವಾನಗಿಗಳಿಗೆ ಅಲೆಯಲಾರದೆ ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿಯು ಈ ಗಂಟನ್ನು ಸಡಿಲಿಸಿತಾದರೂ ಬಿಟ್ಟುಹೋದ ಅಭ್ಯಾಸ ತಾನಾಗಿ ಮರಳುವುದಿಲ್ಲ. ಇದು ನಮ್ಮೊಬ್ಬರ ಕೊರತೆಯೂ ಅಲ್ಲ: ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ ಸುಮಾರು 5.68 ಕೋಟಿ ಜನರಿಗೆ ಇಂಥ ಆರೈಕೆ ಬೇಕು, ಸಿಗುತ್ತಿರುವುದು ಶೇ 14ರಷ್ಟು ಮಂದಿಗೆ. ರಾಯಚೂರಿನಲ್ಲಿ ದೊಡ್ಡ ಕಟ್ಟಡವೊಂದನ್ನು ಕೇಳುವುದಕ್ಕಿಂತ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ದಾಸ್ತಾನು, ತರಬೇತಾದ ಒಬ್ಬ ನರ್ಸ್, ಹಳ್ಳಿಗೆ ಹೋಗಲು ಅವರಿಗೊಂದು ವಾಹನ, ಇಷ್ಟನ್ನು ಕೇಳುವುದು ಲೇಸೆಂಬುದು ನಮ್ಮ ಅಭಿಪ್ರಾಯ. ಸದ್ಯಕ್ಕೆ ಡಿಸ್ಚಾರ್ಜ್ ಚೀಟಿಯೊಂದಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಉಪಶಮನ ಆರೈಕೆ, ಅಂದರೆ ನೋವು, ಸಂಕಟ ತಗ್ಗಿಸುವ ಇಂಥ ಆರೈಕೆಯ ಬಗ್ಗೆ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕಲಬುರಗಿ ಕೇಂದ್ರವು ನಿಮಗೆ ಬೆಂಗಳೂರಿಗಿಂತ ಹತ್ತಿರ. ಕಾಕಾ ಅವರನ್ನೂ ಜೊತೆಗೆ ಕರೆದೊಯ್ಯಿರಿ. ವೈದ್ಯರ ಬಾಯಿಂದ ಕೇಳಿದರೆ ಅವರ ಭಯ ಇಳಿಯಬಹುದು.

ಪ್ರಶ್ನೆ: ನಮ್ಮ ಅವ್ವನಿಗೆ ಕಾಯಿಲೆ ಏನೆಂದು ಇನ್ನೂ ಹೇಳಿಲ್ಲ. ವಿದೇಶದಲ್ಲಿರುವ ತಮ್ಮ ಹೇಳಲೇಬೇಕು ಎನ್ನುತ್ತಾನೆ, ಹಿರಿಯರು ಬೇಡವೆನ್ನುತ್ತಾರೆ. ಈಗ ಊಟವನ್ನೂ ಬಿಟ್ಟಿದ್ದಾರೆ. ಸಲೈನ್ ಹಾಕಿಸಬೇಕೇ?
– ಓದುಗರು, ಕುಷ್ಟಗಿ

ಉತ್ತರ: ಅಮೆರಿಕ, ಬ್ರಿಟನ್‌ನಂಥ ದೇಶಗಳಲ್ಲಿ ರೋಗಿಗೆ ಮೊದಲು ತಿಳಿಸುವುದು ವೈದ್ಯರ ಕರ್ತವ್ಯವೆನಿಸಿದೆ. ಜಪಾನಿನಲ್ಲಿ ಬಹುಕಾಲ ನಮ್ಮಂತೆಯೇ ಮನೆಯವರಿಗೆ ಮೊದಲು ಹೇಳುವ ರೂಢಿಯಿತ್ತು. ಈ ಎರಡರಲ್ಲಿ ಒಂದನ್ನು ಆರಿಸುವ ಮೊದಲು ಅವ್ವನನ್ನೇ ಕೇಳಬಹುದಲ್ಲ? ‘ವೈದ್ಯರು ಹೇಳಿದ್ದನ್ನೆಲ್ಲ ನಿನಗೂ ಹೇಳಬೇಕೇ, ನಾವೇ ನೋಡಿಕೊಂಡರೆ ಸಾಕೇ?’ ಎಂದು ಕೇಳಿ. ಹೆಚ್ಚಿನವರು ತಮಗೆ ಎಷ್ಟು ಬೇಕೆಂಬುದನ್ನು ತಾವೇ ಹೇಳುತ್ತಾರೆ, ಕೆಲವರಿಗೆ ಆಗಲೇ ಎಲ್ಲವೂ ಗೊತ್ತಿರುತ್ತದೆ. ಹೊಲದ ಪಾಲು, ಯಾರ ಮನೆಯಲ್ಲಿ ಇರಬೇಕು, ಯಾರನ್ನು ನೋಡಬೇಕು ಎಂಬ ಮಾತುಗಳನ್ನು ಆಡಲು ಅವರಿಗೊಂದು ಅವಕಾಶ ಬೇಕು.

ಕೊನೆಯ ದಿನಗಳಲ್ಲಿ ಹಸಿವು ಹೋಗುವುದು ದೇಹದ ಸಹಜ ಕ್ರಮ. ಊಟ ಬಿಟ್ಟದ್ದರಿಂದ ಸಾವು ಬರುತ್ತಿಲ್ಲ, ಸಾವು ಹತ್ತಿರವಾದದ್ದರಿಂದ ಊಟ ಬಿಟ್ಟಿದೆ. ಅವರು ಈಗ ಯಾವ ಹಂತದಲ್ಲಿದ್ದಾರೆಂಬುದನ್ನು ವೈದ್ಯರಿಂದ ಖಚಿತಪಡಿಸಿಕೊಳ್ಳಿ. ಕೊನೆಯ ಹಂತವೇ ಆಗಿದ್ದರೆ ಸಲೈನ್‌ನಿಂದ ಕೈಕಾಲು ಊದಿ, ಎದೆಯಲ್ಲಿ ನೀರು ತುಂಬಿ ತೊಂದರೆ ಹೆಚ್ಚಾಗಬಹುದು. ನಮ್ಮ ಕಡೆ ಸಲೈನ್ ಹಾಕಿಸದಿದ್ದರೆ ಮಕ್ಕಳು ಕೈಬಿಟ್ಟರೆಂದು ಓಣಿಯವರು ಆಡಿಕೊಳ್ಳುತ್ತಾರೆ. ಆ ಮಾತಿಗೆ ಹೆದರಿ ಸೂಜಿ ಚುಚ್ಚಿಸಬೇಡಿ. ಬೇಡಿದಾಗ ಒಂದೆರಡು ಚಮಚ ಗಂಜಿ, ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ಒರೆಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಈ ಬಿಸಿಲಿನಲ್ಲಿ ಗಾಳಿಯಾಡುವ ಜಾಗದಲ್ಲಿ ಮಲಗಿಸುವುದು, ಇವೇ ಈಗಿನ ಚಿಕಿತ್ಸೆ. ಎಚ್ಚರವಿಲ್ಲದಾಗ ತೀರ್ಥವನ್ನು ಬಾಯಿಗೆ ಹುಯ್ಯದೆ ತುಟಿಗಷ್ಟೇ ಸೋಕಿಸಿ, ಇಲ್ಲದಿದ್ದರೆ ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಮನೆಯವರು ಅಂಗೈಯಲ್ಲಿ ಇಷ್ಟಲಿಂಗ ಇಡಬೇಕೆನ್ನುತ್ತಾರೆ, ಇನ್ನೊಂದು ಮನೆಯವರು ಮುಖವನ್ನು ಕಿಬ್ಲಾ ಕಡೆ ತಿರುಗಿಸಿ ಕಲಿಮಾ ಹೇಳಿಸುತ್ತಾರೆ, ಮತ್ತೊಂದು ಮನೆಯವರು ಮಂಚದಿಂದ ನೆಲಕ್ಕೆ ಇಳಿಸುತ್ತಾರೆ. ಆಸ್ಪತ್ರೆಯವರು ಜಾತಿ, ಧರ್ಮ ನೋಡಿ ಊಹಿಸುವುದಕ್ಕಿಂತ ಕೇಳಿ ತಿಳಿಯುವುದು ಒಳ್ಳೆಯದು, ನೀವಾಗಿ ಹೇಳಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನನ್ನನ್ನು ಕೊನೆಗಾಲದಲ್ಲಿ ವೆಂಟಿಲೇಟರ್‌ಗೆ ಹಾಕಬಾರದೆಂದು ಈಗಲೇ ಬರೆದಿಡಬಹುದೇ?
– ನಿವೃತ್ತ ಶಿಕ್ಷಕರು, ಬಳ್ಳಾರಿ

ಉತ್ತರ: ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಇದಕ್ಕೆ ಒಪ್ಪಿಗೆ ನೀಡಿ, 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಿಮ್ಮ ಪರವಾಗಿ ಮಾತನಾಡುವವರ ಹೆಸರನ್ನೂ ಅದರಲ್ಲಿ ಬರೆಯಿರಿ. ಅಂಥ ಸಂದರ್ಭ ಬಂದಾಗ ತಲಾ ಮೂವರು ವೈದ್ಯರಿರುವ ಎರಡು ಮಂಡಳಿಗಳು ಪರಿಶೀಲಿಸುತ್ತವೆ. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಈ ಕುರಿತು ಆದೇಶ ಹೊರಡಿಸಿದೆ. ಇದು ಚುಚ್ಚುಮದ್ದು ಕೊಟ್ಟು ಸಾಯಿಸುವ ಅನುಮತಿಯಲ್ಲ, ಅದು ನಮ್ಮ ದೇಶದಲ್ಲಿ ಅಪರಾಧ. ಪತ್ರವನ್ನು ಬ್ಯಾಂಕ್ ಲಾಕರಿನಲ್ಲಿ ಇಡಬೇಡಿ. ಮಕ್ಕಳಿಗೆ ಓದಿಸಿ, ನಿಮ್ಮ ವೈದ್ಯರಿಗೆ ಒಂದು ಪ್ರತಿ ಕೊಡಿ.