ಬ್ಲೈಂಡ್ ಸ್ಪಾಟ್ ಸೆನ್ಸರ್ ಹೊಸದು ಹಾಕ್ಲಾ, ಸೆಕೆಂಡ್ ಹ್ಯಾಂಡ್ ಹಾಕ್ಲಾ? ಕಪ್ಲರ್‌ನಲ್ಲಿ 12 ವೋಲ್ಟ್ ಸರಿಯಾಗೇ ಬರ್ತಿದೆ

ಎರಡೂ ಹಾಕಬೇಡಿ.

ನೀವು ಬರೆದಿದ್ದು ಇಷ್ಟು: ಮಳೆ ಹಿಡಿದರೆ ಡ್ಯಾಶ್‌ಬೋರ್ಡಲ್ಲಿ ಬ್ಲೈಂಡ್ ಸ್ಪಾಟ್ (ಕನ್ನಡಿಗೆ ಕಾಣದ ಪಕ್ಕದ ಜಾಗ) ವಾರ್ನಿಂಗ್, ಎರಡು ದಿನ ಬಿಸಿಲು ಬಿದ್ದರೆ ತಾನಾಗೇ ಸರಿ, ಸರ್ವಿಸ್‌ನವರು ‘ಎಡಗಡೆ ಸೆನ್ಸರ್ ಹೋಗಿದೆ’ ಅಂದ್ರು, ಸೆನ್ಸರ್‌ಗೆ ವೈರ್ ಸಿಕ್ಕಿಸುವ ಕಪ್ಲರ್‌ನಲ್ಲಿ ನೀವೇ ಮೀಟರ್ ಹಿಡಿದು ನೋಡಿದ್ರೆ 12 ವೋಲ್ಟ್ ಇದೆ. ಇಷ್ಟು ಓದುವಷ್ಟರಲ್ಲಿ ನನಗೆ ಹೊಟ್ಟೆಯೊಳಗೆ ಒಂಥರಾ ಆಯ್ತು. ನಾನು ಹೊಸದೇ ಹಾಕಿಸಿದವನು. ಕೋಡಿಂಗ್ (ಹೊಸ ಸೆನ್ಸರನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸುವುದು), ಕ್ಯಾಲಿಬ್ರೇಷನ್ ಎಲ್ಲ ಸೇರಿ 41 ಸಾವಿರ ರೂಪಾಯಿ. ಆರನೇ ದಿನ ಅದೇ ವಾರ್ನಿಂಗ್ ಮತ್ತೆ ಬಂತು.

ನಾನು ಕಾರ್ ಮೆಕ್ಯಾನಿಕ್ ಅಲ್ಲ. ತೀರ್ಥಹಳ್ಳಿ ಕಡೆಯವನು, ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಇಪ್ಪತ್ತು ವರ್ಷದಿಂದ ಅಡಿಕೆ ತೋಟದ ಪಂಪ್‌ಸೆಟ್ಟುಗಳನ್ನು ಬಿಚ್ಚಿ ಕಟ್ಟಿದ ಕೈ. ಕರೆಂಟ್ ಗೊತ್ತಿಲ್ಲ ಅನ್ನುವ ನೆಪ ನನಗಿಲ್ಲ. ಅದಕ್ಕೇ ಈ ಕಥೆ ಹೇಳುವಾಗ ಇವತ್ತಿಗೂ ನಾಚಿಕೆ.

ಕಾರು ಸೆಕೆಂಡ್ ಹ್ಯಾಂಡ್, ಬೆಂಗಳೂರಿನಿಂದ ತಂದದ್ದು. ಹಿಂದಿನ ಬಂಪರ್‌ನ ಎಡ ಮೂಲೆಗೆ ಯಾವುದೋ ಗಾಡಿ ಉಜ್ಜಿ, ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಿದ್ದೇವೆ ಅಂತ ಮಾರಿದವರು ಪ್ರಾಮಾಣಿಕವಾಗೇ ಹೇಳಿದ್ದರು. ನಾನು ಪೇಂಟ್ ಶೇಡ್ ಹೊಂದುತ್ತಾ ಅಂತ ನೋಡಿದೆ, ಅಷ್ಟೇ. ಬಂಪರ್ ಒಳಗೆ ಆ ಮೂಲೆಯಲ್ಲೇ ಒಂದು ರೇಡಾರ್ ಕೂತಿರುತ್ತೆ ಅಂತ ಯಾರು ಯೋಚಿಸುತ್ತಾರೆ? ಎಡಕ್ಕೊಂದು ಬಲಕ್ಕೊಂದು, ಪ್ಲಾಸ್ಟಿಕ್ಕಿನ ಹಿಂದೆ, ಹೊರಗಿನಿಂದ ಕಾಣುವುದೇ ಇಲ್ಲ. ಪಕ್ಕದ ಲೇನಲ್ಲಿ ಗಾಡಿ ಬಂದರೆ ಕನ್ನಡಿಯಲ್ಲಿ ಹಳದಿ ದೀಪ ಹತ್ತಿಸುವುದು ಅದೇ.

ಜುಲೈನಲ್ಲಿ ಉಡುಪಿಗೆ ಹೊರಟಿದ್ದೆವು. ಆಗುಂಬೆಯಲ್ಲಿ ಎಂದಿನಂತೆ ಧಾರಾಕಾರ. ಹದಿನಾಲ್ಕು ತಿರುವು ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಟಣ್ ಅಂತ ಸದ್ದು, ‘ಬ್ಲೈಂಡ್ ಸ್ಪಾಟ್ ಸಿಸ್ಟಮ್ ಪರೀಕ್ಷಿಸಿ’ ಅಂತ ಬರಹ. ಘಾಟಿಯಲ್ಲಿ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಆದರೆ ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥಕ್ಕೆ ಬಂದ ಮೇಲೆ ಎಡಗಡೆಯಿಂದ ನುಗ್ಗುವ ಬೈಕುಗಳಿಗೆ ಕನ್ನಡಿ ದೀಪ ಹತ್ತಲೇ ಇಲ್ಲ. ಅಭ್ಯಾಸ ಬಿದ್ದುಹೋಗಿತ್ತು ನೋಡಿ, ಕೈ ಕಟ್ಟಿದಂತಾಯ್ತು. ವಾಪಸ್ ಬಂದು ಎರಡು ದಿನ ಶೆಡ್ಡಲ್ಲಿ ನಿಂತ ಮೇಲೆ ತಾನಾಗೇ ಸರಿ.

ಆನ್‌ಲೈನಲ್ಲಿ 800 ರೂಪಾಯಿಗೆ ಸಿಗುವ ಬ್ಲೂಟೂತ್ ಸ್ಕ್ಯಾನರ್ ನನ್ನ ಹತ್ತಿರ ಇತ್ತು. ಚುಚ್ಚಿದೆ. ‘ಯಾವ ದೋಷವೂ ಇಲ್ಲ’ ಅಂತು. ಅದನ್ನು ನಂಬಬೇಡಿ, ಅಂಥವು ಹೆಚ್ಚಾಗಿ ಎಂಜಿನ್ ದೋಷದ ಕೋಡ್ ಮಾತ್ರ ಓದುತ್ತವೆ. ಬಂಪರ್ ಮೂಲೆಯ ರೇಡಾರ್ ಕಥೆ ಅದಕ್ಕೆ ಕೇಳಿಸುವುದೇ ಇಲ್ಲ. ಆಮೇಲೆ ಪರಿಚಯದ ಗ್ಯಾರೇಜಲ್ಲಿ ಎಲ್ಲ ಮಾಡ್ಯೂಲ್ (ಕಾರಿನೊಳಗಿನ ಪುಟ್ಟ ಕಂಪ್ಯೂಟರುಗಳು) ಓದುವ ಸ್ಕ್ಯಾನರ್ ಹಾಕಿದಾಗ ಎರಡು ಕೋಡ್ ಬಂತು. ಒಂದು, ಎಡ ಸೆನ್ಸರ್ ಜೊತೆ ಸಂಪರ್ಕ ಕಡಿದಿದೆ ಅಂತ. ಇನ್ನೊಂದು ಸಪ್ಲೈ ವೋಲ್ಟೇಜಿನದು, ಅದರ ಬಾಲದಲ್ಲಿ 16 ಅಂತಿತ್ತು. ಆ ಬಾಲಕ್ಕೆ ಅರ್ಥ ಇದೆ ಅಂತ ಆಗ ಗೊತ್ತಿರಲಿಲ್ಲ. 16 ಅಂದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಕಡಿಮೆ, 13 ಅಂದರೆ ವೈರ್ ತುಂಡಾಗಿದೆ, 11 ಅಂದರೆ ಕಾರಿನ ಬಾಡಿಯ ಜೊತೆ (ಅರ್ತ್‌ಗೆ) ಶಾರ್ಟ್. ಕಾರು ಬಾಯಿಬಿಟ್ಟು ಹೇಳಿತ್ತು ಮಾರಾಯ್ರೆ, ‘ನನಗೆ ಕರೆಂಟ್ ಸಾಲ್ತಾ ಇಲ್ಲ’ ಅಂತ. ನಾನು ಮೊದಲನೇ ಕೋಡ್ ಮಾತ್ರ ಹಿಡಿದುಕೊಂಡೆ.

ಯಾಕೆ ಅಂದರೆ ನನ್ನ ಮೀಟರ್ ಮೇಲೆ ನನಗೆ ಅಷ್ಟು ನಂಬಿಕೆ. ಬಂಪರ್ ಬಿಚ್ಚಿದೆ, ಸೆನ್ಸರ್‌ನ ಕಪ್ಲರ್ ಕಿತ್ತೆ, ಇಗ್ನಿಷನ್ ಆನ್ ಮಾಡಿ ಪ್ಲಸ್ ಪಿನ್ನಿಗೂ ಅರ್ತ್ ಪಿನ್ನಿಗೂ ಮೀಟರ್ ಹಿಡಿದೆ. 12.3. ಬ್ಯಾಟರಿಯಲ್ಲೂ 12.3. ಎದ್ದು ನಿಂತು, ಪಕ್ಕದಲ್ಲಿದ್ದ ಹೆಂಡತಿಗೆ ‘ವೈರಿಂಗ್ ಪಕ್ಕಾ ಇದೆ, ಸೆನ್ಸರೇ ಹೋಗಿರೋದು’ ಅಂತ ತೀರ್ಪು ಕೊಟ್ಟೆ.

ಇಲ್ಲೇ ತಪ್ಪಿದ್ದು. ಸ್ವಲ್ಪ ಉದ್ದವಾಗೇ ಹೇಳುತ್ತೇನೆ, ಬೇಜಾರಾದರೂ ಓದಿ, ಯಾಕಂದರೆ ನೀವೂ ಪ್ರಶ್ನೆಯಲ್ಲಿ ‘12 ವೋಲ್ಟ್ ಸರಿಯಾಗೇ ಬರ್ತಿದೆ’ ಅಂತ ಬರೆದಿದ್ದೀರಿ.

ಕಪ್ಲರ್ ಕಿತ್ತ ಮೇಲೆ ಆ ವೈರಲ್ಲಿ ಹರಿಯುವ ಕರೆಂಟ್ ಎಷ್ಟು? ಮೀಟರ್ ಎಳೆದುಕೊಳ್ಳುವಷ್ಟು ಮಾತ್ರ. ಸಾಮಾನ್ಯ ಡಿಜಿಟಲ್ ಮೀಟರ್‌ನ ಒಳಗಿನ ರೆಸಿಸ್ಟೆನ್ಸ್ 10 ಮೆಗಾಓಮ್, ಅಂದರೆ ಒಂದು ಕೋಟಿ ಓಮ್. 12 ವೋಲ್ಟಿಗೆ ಒಂದು ಆಂಪಿಯರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಚಿಲ್ಲರೆ. ದಾರಿಯಲ್ಲಿ ಎಲ್ಲೋ ಕೆಟ್ಟ ಜಾಯಿಂಟ್ ಇದ್ದು ಅದು ಸಾವಿರ ಓಮ್ ತಡೆ ಒಡ್ಡಿದರೂ ಅಲ್ಲಿ ನಷ್ಟವಾಗುವುದು ಒಂದು ಮಿಲಿವೋಲ್ಟ್ ಚಿಲ್ಲರೆ. ಮೀಟರ್ ಆಗಲೂ 12.3 ಅಂತಲೇ ತೋರಿಸುತ್ತೆ. ತೋಟದ ಪೈಪ್‌ಲೈನ್ ನೆನೆಸಿಕೊಳ್ಳಿ. ತುದಿಯ ಗೇಟ್‌ವಾಲ್ ಮುಚ್ಚಿಟ್ಟು ಗೇಜ್ ನೋಡಿದರೆ ಪ್ರೆಶರ್ ಪೂರ್ತಿ. ಮಧ್ಯದಲ್ಲಿ ಪೈಪಿಗೆ ಕಸ ಕಟ್ಟಿ ಸೂಜಿಯಷ್ಟು ತೂತು ಉಳಿದಿದ್ದರೂ ಪ್ರೆಶರ್ ಪೂರ್ತಿಯೇ. ವಾಲ್ ತಿರುಗಿಸಿ, ಆಗ ಗೊತ್ತಾಗುತ್ತೆ ಹಣೆಬರಹ. ಸೆನ್ಸರ್ ಕೆಲಸ ಮಾಡುವಾಗ ಎಳೆಯುವುದು ಅರ್ಧ ಆಂಪಿಯರ್ ಒಳಗೇ. ಆದರೆ ಮೀಟರ್‌ಗೆ ಹೋಲಿಸಿದರೆ ಅದು ಲಕ್ಷಗಟ್ಟಲೆ ಪಟ್ಟು ಜಾಸ್ತಿ.

ಮಜಾ ಏನು ಗೊತ್ತಾ? ಇದೇ ಮಾತನ್ನು ನಾನು ವಾರಕ್ಕೆ ಎರಡು ಸಲ ರೈತರಿಗೆ ಹೇಳುತ್ತೇನೆ. ‘ಮೂರೂ ಫೇಸ್ ಇದೆ ಕಣ್ರೀ, ಟೆಸ್ಟರ್ ಹತ್ತುತ್ತೆ, ಮೋಟ್ರು ಮಾತ್ರ ಎತ್ತಲ್ಲ, ಗುಂಯ್ ಅನ್ನುತ್ತೆ’ ಅಂತ ಫೋನ್ ಬರುತ್ತೆ. ‘ಟೆಸ್ಟರ್ ಹತ್ತೋಕೆ ಎಷ್ಟು ಕರೆಂಟ್ ಬೇಕು ಸ್ವಾಮೀ, ಬಲ್ಬ್ ಹಾಕಿ ನೋಡಿ’ ಅಂತ ದೊಡ್ಡ ಮೇಷ್ಟ್ರ ಥರ ಹೇಳುತ್ತೇನೆ. ಪೆಟ್ಟಿಗೆಯ ಫ್ಯೂಸ್ ಕ್ಯಾರಿಯರ್ ಸುಟ್ಟು ಕರಿ ಹಿಡಿದಿರುತ್ತೆ, ಟೆಸ್ಟರ್ ಮಾತ್ರ ಜಗಮಗ. ಅದೇ ಪಾಠ ಸ್ವಂತ ಕಾರಿನ ಮುಂದೆ ಕೂತಾಗ ಮರೆತುಹೋಯ್ತು. 230 ವೋಲ್ಟಿನ ಬುದ್ಧಿ 12 ವೋಲ್ಟಿಗೆ ಬರಲಿಲ್ಲ. ಮೀಟರಲ್ಲಿ ದಶಾಂಶದ ಅಂಕಿ ಕಂಡರೆ ಏನೋ ವಿಜ್ಞಾನ ಅನ್ನಿಸಿಬಿಡುತ್ತೆ.

ಹೊಸ ಸೆನ್ಸರ್ ಬಂತು, ಕೋಡಿಂಗ್ ಆಯ್ತು, ಐದು ದಿನ ಕನ್ನಡಿ ದೀಪ ಚೆನ್ನಾಗಿ ಹತ್ತಿತು. ಆ ಐದು ದಿನ ಮಳೆ ಬಿಟ್ಟಿತ್ತು ಅನ್ನುವುದು ಆಮೇಲೆ ಹೊಳೆದ ವಿಷಯ.

ಆರನೇ ದಿನ ಅಂಗಡಿ ಮುಂದೆ ಕಾರು ನಿಲ್ಲಿಸಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ನಮ್ಮಲ್ಲಿ ಕೆಲಸಕ್ಕಿರುವ ಹುಡುಗ, ಹತ್ತೊಂಬತ್ತು ವರ್ಷ, ವೈಂಡಿಂಗ್ ವಾರ್ನಿಶ್ ಬಳಿಯುತ್ತಾ ಇದ್ದವನು ತಲೆ ಎತ್ತದೇ ಕೇಳಿದ: ‘ಅಣ್ಣಾ, ಬಲ್ಬ್ ಹಾಕಿ ನೋಡಿದ್ರಾ?’

ಹೊಡೆಯಬೇಕು ಅನ್ನಿಸಿತು. ನನಗೆ, ಅವನಿಗಲ್ಲ.

12 ವೋಲ್ಟ್ 5 ವ್ಯಾಟಿನ ಪಾರ್ಕಿಂಗ್ ಬಲ್ಬ್ ತಂದು ಎರಡು ವೈರ್ ಬೆಸುಗೆ ಹಾಕಿದೆ. 5 ವ್ಯಾಟ್ ಅಂದರೆ 0.4 ಆಂಪಿಯರ್ ಸುಮಾರು. ಸೆನ್ಸರ್ ಎಳೆಯುವ ಲೆಕ್ಕಕ್ಕೆ ಹತ್ತಿರ. ಕಪ್ಲರ್‌ನ ಪ್ಲಸ್, ಅರ್ತ್ ಪಿನ್ನುಗಳಿಗೆ ಮುಟ್ಟಿಸಿದರೆ ಬಲ್ಬ್ ಆರಿಹೋಗುವ ಕೆಂಡದ ಹಾಗೆ ಕೆಂಪಗೆ ಮಿಣುಕಿತು. ಮೀಟರ್ ಹಿಡಿದೆ: 6.8. ಬಲ್ಬ್ ತೆಗೆದೆ: 12.3. ಮತ್ತೆ ಹಾಕಿದೆ: 6.8. ಐದೂವರೆ ವೋಲ್ಟ್ ದಾರಿಯಲ್ಲೇ ಮಾಯ. ಅಷ್ಟು ಕಮ್ಮಿಯಲ್ಲಿ ಸೆನ್ಸರ್ ಏಳುವುದಿಲ್ಲ, ಏಳದವನು ಮಾತಾಡುವುದಿಲ್ಲ, ಅದಕ್ಕೇ ಉಳಿದ ಮಾಡ್ಯೂಲುಗಳು ‘ಸಂಪರ್ಕ ಕಡಿದಿದೆ’ ಅಂತ ಕೋಡ್ ಬರೆದಿದ್ದವು.

ಯಾವ ದಾರಿಯಲ್ಲಿ ಮಾಯ ಅಂತ ತಿಳಿಯೋಕೆ ಬಲ್ಬ್ ಉರಿಯುತ್ತಿರುವಾಗಲೇ ಮೀಟರ್‌ನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಕಪ್ಲರ್‌ನ ಪ್ಲಸ್ ಪಿನ್ನಿಗೆ. 0.2. ಪರವಾಗಿಲ್ಲ. ಆಮೇಲೆ ಬ್ಯಾಟರಿ ಮೈನಸ್‌ಗೂ ಅರ್ತ್ ಪಿನ್ನಿಗೂ. 5.3! ಅರ್ತ್ ಕಡೆ 0.1 ದಾಟಿದರೇ ಅನುಮಾನ ಪಡಬೇಕು.

ಅರ್ತ್‌ನ ಕಪ್ಪು ವೈರ್ ಹಿಡಿದು ಬೆರಳಾಡಿಸುತ್ತಾ ಹೋದೆ. ಬಂಪರ್ ಒಳಮೈಗೆ ಕ್ಲಿಪ್ಪಾಗಿದ್ದ ಕಡೆ, ಫೆಂಡರ್ ಲೈನರ್ (ಚಕ್ರದ ಮೇಲಿನ ಒಳ ಹೊದಿಕೆ) ಮುಗಿಯುವಲ್ಲಿ, ಒಂದು ಗಂಟು ಸಿಕ್ಕಿತು. ಮಾಮೂಲಿ ಕರಿ ಇನ್ಸುಲೇಷನ್ ಟೇಪ್, ಗೋಂದು ಕರಗಿ ಅಂಟಂಟು. ಬಿಚ್ಚಿದರೆ ಒಳಗೆ ಎರಡು ವೈರಿನ ತುದಿ ಬೆರಳಲ್ಲಿ ಹುರಿ ಮಾಡಿ ಸೇರಿಸಿದ್ದರು, ಬೆಸುಗೆ ಇಲ್ಲ ಏನಿಲ್ಲ. ತಾಮ್ರ ಹುಣಸೆಹಣ್ಣು ಕಾಣದ ಹಳೇ ತಂಬಿಗೆಯ ಹಾಗೆ ಹಸಿರು ಕಿಲುಬು. ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಅಂಗೈಗೆ ಬಿತ್ತು. ಎರಡೋ ಮೂರೋ ಎಳೆ ಹಿಡಿದುಕೊಂಡಿತ್ತು ಅಷ್ಟೇ. ಎಡಗಡೆ ಚಕ್ರ ಎರಚಿದ ನೀರು ನೇರ ಅಲ್ಲಿಗೇ. ಟಿಂಕರಿಂಗ್ ಮಾಡುವಾಗ ಯಾರೋ ಪುಣ್ಯಾತ್ಮ ವೈರ್ ಕತ್ತರಿಸಿ ಬಂಪರ್ ಇಳಿಸಿದ್ದ, ಕಪ್ಲರ್ ಕೀಳೋಕೆ ಸೋಮಾರಿತನ.

ಕಿಲುಬು ಇನ್ಸುಲೇಷನ್ ಒಳಗೂ ನುಗ್ಗಿರುತ್ತೆ, ಮೇಲೆ ಕೆರೆದರೆ ಹೋಗಲ್ಲ. ಹೊಳೆಯುವ ತಾಮ್ರ ಕಾಣುವ ತನಕ ಕತ್ತರಿಸುತ್ತಾ ಹೋದೆ, ಎರಡೂ ಕಡೆ ಸೇರಿ ಅರ್ಧ ಅಡಿ ಹೋಯ್ತು. ಹೊಸ ತುಂಡು ಸೇರಿಸಿ ಬೆಸುಗೆ ಹಾಕಿ, ಒಳಗೆ ಗೋಂದು ಇರುವ, ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಖರ್ಚು 60 ರೂಪಾಯಿ ಇರಬಹುದು. ಆಮೇಲೆ ಬಲ್ಬ್ ಇಟ್ಟು ನೋಡಿದರೆ 12.0, ಹಗಲಲ್ಲೇ ಕಣ್ಣು ಕುಕ್ಕುವ ಬೆಳಕು. ಎರಡು ಮಳೆಗಾಲ ಕಳೆದಿದೆ, ಒಂದು ಸಲವೂ ಆ ಟಣ್ ಸದ್ದಿಲ್ಲ.

ಹಾಗಾಗಿ ನಿಮ್ಮ ‘ಹೊಸದಾ, ಸೆಕೆಂಡ್ ಹ್ಯಾಂಡಾ’ ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಬಿಸಿಲಿಗೆ ತಾನಾಗೇ ಗುಣವಾಗುವ ಸೆನ್ಸರ್ ಮೇಲೆ ಮೊದಲ ಅನುಮಾನ ಇಡಬಾರದು. ಮಳೆಗೆ ಕೆಟ್ಟು ಬಿಸಿಲಿಗೆ ಸರಿಹೋದರೆ ಮೊದಲು ನೋಡಬೇಕಾದದ್ದು ಜಾಯಿಂಟ್, ಕಪ್ಲರ್ ಅಥವಾ ಅರ್ತ್. ವಾರಂಟಿ ಇದ್ದರೆ ಮಾತ್ರ ನೀವು ಕೈ ಹಾಕಬೇಡಿ, ಅವರೇ ಬಡಿದಾಡಲಿ. ಇಲ್ಲದಿದ್ದರೆ ಬಲ್ಬ್ ಹಿಡಿಯಿರಿ.

ಹಿಡಿಯುವ ಮುಂಚೆ ಒಂದು ಎಚ್ಚರಿಕೆ. ಕಪ್ಲರ್‌ನಲ್ಲಿ ನಾಲ್ಕಾರು ಪಿನ್ ಇರುತ್ತವೆ, ಎರಡು ಮಾತ್ರ ಕರೆಂಟಿನವು. ಒಂದಕ್ಕೊಂದು ಹುರಿ ಹಾಕಿಕೊಂಡು ಬಂದ ಜೋಡಿ ವೈರ್ ಕಂಡರೆ ಅದು ಕ್ಯಾನ್ ಲೈನ್, ಮಾಡ್ಯೂಲುಗಳು ಮಾತಾಡಿಕೊಳ್ಳುವ ತಂತಿ. ಅದಕ್ಕೆ ಬಲ್ಬ್ ತಾಗಿಸಬೇಡಿ. ಬಣ್ಣ ನಂಬಬೇಡಿ, ನಿಮ್ಮ ಮಾಡೆಲ್‌ನ ವೈರಿಂಗ್ ಡಯಾಗ್ರಾಮ್ ನೋಡಿ. ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ದೂರ ಇರಿ.

ಬಲ್ಬ್ ಪೂರ್ತಿ ಉರಿದರೆ ಆಮೇಲೆ ಕ್ಯಾನ್ ಲೈನ್. ಬ್ಯಾಟರಿ ಟರ್ಮಿನಲ್ ಬಿಚ್ಚಿ ಆ ಜೋಡಿಯ ಮಧ್ಯೆ ಓಮ್ ಅಳೆಯಿರಿ. ಲೈನಿನ ಎರಡು ತುದಿಯಲ್ಲಿ 120 ಓಮಿನ ತಲಾ ಒಂದು ರೆಸಿಸ್ಟರ್ ಇರುವುದರಿಂದ 60ರ ಹತ್ತಿರ ಬರಬೇಕು. ಸೊನ್ನೆ ಕಡೆಗೆ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. 120 ಬಂದರೆ ಒಂದು ತುದಿ ಸಿಗುತ್ತಿಲ್ಲ, ಆದರೆ ಆ ತುದಿಯ ರೆಸಿಸ್ಟರ್ ನೀವು ಕಿತ್ತಿಟ್ಟ ಸೆನ್ಸರ್ ಒಳಗೇ ಇರಬಹುದು, ಗಾಬರಿಯಾಗಬೇಡಿ. ನಮ್ಮ ಕಡೆ ಇಲಿ ಕಡಿದ ವೈರೂ ಸಾಮಾನ್ಯ, ಕಣ್ಣಲ್ಲೇ ನೋಡಿಬಿಡಿ. ಕೋಡ್ ಇಲ್ಲದೇ ಒಂದು ಕನ್ನಡಿಯ ದೀಪ ಮಾತ್ರ ಹತ್ತದಿದ್ದರೆ ಬಂಪರ್ ಮುಟ್ಟಲೇಬೇಡಿ, ಬಾಗಿಲ ಕೀಲಿನ ರಬ್ಬರ್ ತೋಳಿನೊಳಗೆ ಮಡಿದು ಮಡಿದು ವೈರ್ ತುಂಡಾಗಿರಬಹುದು. ಬಂಪರ್ ಮೂಲೆಗೆ ದಪ್ಪ ಪುಟ್ಟಿ ಬಳಿದಿದ್ದರೆ ರೇಡಾರ್‌ಗೆ ಕಣ್ಣು ಮಂಜಾಗುತ್ತೆ, ಆದರೆ ಅದು ಬಿಸಿಲಿಗೆ ಸರಿಹೋಗುವ ಕಾಯಿಲೆ ಅಲ್ಲ.

ಇಷ್ಟಾದ ಮೇಲೂ ಸೆಕೆಂಡ್ ಹ್ಯಾಂಡ್ ಸೆನ್ಸರೇ ಬೇಕು ಅಂದರೆ, ಏನೂ ಆಗದ ಒಂದು ನನ್ನ ಅಂಗಡಿಯ ಕಪಾಟಿನಲ್ಲಿದೆ. ಆದರೆ ನಿಮ್ಮ ಕಾರಿಗೆ ಅದು ಹೊಂದುವುದೂ ಅನುಮಾನ, ಹೊಂದಿದರೂ ಕೋಡಿಂಗ್‌ಗೆ ಮತ್ತೆ ದುಡ್ಡು. ಮೊದಲು ಬಲ್ಬ್ ಉರಿಯುತ್ತಿರುವಾಗ ಕಪ್ಲರ್‌ನಲ್ಲಿ ಎಷ್ಟು ವೋಲ್ಟ್ ಬಂತು ಅಂತ ಕೆಳಗೆ ಬರೀರಿ. ಅದೂ ಮಳೆಯಲ್ಲಿ ನೆನೆದು ಬಂದ ದಿನವೇ ಅಳೆಯಿರಿ, ಒಣಗಿದ ಮೇಲೆ ಅಳೆದರೆ ಮತ್ತೆ ಅದೇ ಸುಳ್ಳು ಹೇಳುತ್ತೆ.