ಕಿಟಕಿ ಕೀಳುವ ಮೊದಲು ಅದರ ಕೆಲಸಗಳನ್ನು ಎಣಿಸಿ

ಪ್ರಶ್ನೆ: ಬೆಂಗಳೂರಿನ ಬಸವನಗುಡಿಯಲ್ಲಿ ನಮ್ಮ ತಾತ 1964ರಲ್ಲಿ ಕಟ್ಟಿಸಿದ ಮನೆ ಇದೆ. ಬೀದಿ ಕಡೆಯ ಕೋಣೆಗಳ ಕಿಟಕಿಗೆ ಮೇಲೆರಡು, ಕೆಳಗೆರಡು, ಒಟ್ಟು ನಾಲ್ಕು ರೆಕ್ಕೆಗಳು. ನಡುವೆ ಕಬ್ಬಿಣದ ಸರಳುಗಳು. ಅದರ ಮೇಲೆ, ಸೂರಿಗೆ ಹತ್ತಿರ, ಪುಟ್ಟ ವೆಂಟಿಲೇಟರ್. ಮಳೆಗಾಲದಲ್ಲಿ ರೆಕ್ಕೆಗಳು ಬಿಗಿದುಕೊಳ್ಳುತ್ತವೆ, ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತಿದೆ. ಎಲ್ಲವನ್ನೂ ಕಿತ್ತು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸ್ಲೈಡಿಂಗ್ ಕಿಟಕಿ ಹಾಕಿಸಿ, ವೆಂಟಿಲೇಟರ್ ಮುಚ್ಚಿಬಿಡಿ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಅಮ್ಮನಿಗೆ ಇಷ್ಟವಿಲ್ಲ. ಏನು ಮಾಡಲಿ? ಅಷ್ಟಕ್ಕೂ ಆ ಕಾಲದವರು ಕಿಟಕಿಯನ್ನು ಹೀಗೇಕೆ ಮಾಡುತ್ತಿದ್ದರು?

ಉತ್ತರ: ನಿಮ್ಮ ಅಮ್ಮನ ಮಾತು ಕೇಳಿ. ಕಾರಣವನ್ನು ತುಸು ಹಿಂದಿನಿಂದ ಹೇಳುತ್ತೇನೆ.

ಹಳೆಯ ಪೇಟೆಯ ಮನೆಗಳಲ್ಲಿ ಬೀದಿಗೆ ತೆರೆಯುವ ಕಿಟಕಿ ಚಿಕ್ಕದು. ಗೋಡೆ ದಪ್ಪ, ಅಕ್ಕಪಕ್ಕದ ಮನೆಗಳಿಗೆ ಒಂದೇ ಗೋಡೆ. ಬೆಳಕು ಬರುತ್ತಿದ್ದದ್ದು ನಡುವಿನ ತೊಟ್ಟಿಯಿಂದ, ಅಡುಗೆಮನೆಗೆ ಸೂರಿನ ಬೆಳಕಿಂಡಿಯಿಂದ. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟು ಜನರನ್ನು ಕಂಗೆಡಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳು ಬೆಳೆದವು. ಅಲ್ಲಿ ಮನೆಯ ಸುತ್ತ ಜಾಗ ಬಿಟ್ಟು ಕಟ್ಟಿದರು. ನಾಲ್ಕೂ ಗೋಡೆಗೆ ಕಿಟಕಿ ಇಡಲು ಆಗ ಸಾಧ್ಯವಾಯಿತು. ಮನೆಯೊಳಗೆ ಗಾಳಿ ಆಡಬೇಕು ಎನ್ನುವುದು ಅಂದಿನವರಿಗೆ ಆರೋಗ್ಯದ ಪ್ರಶ್ನೆಯಾಗಿತ್ತು. ನಗರದ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದೇ 1905ರಲ್ಲಿ, ಮನೆಗಳಿಗೆ ಇನ್ನೂ ನಿಧಾನವಾಗಿ. ಫ್ಯಾನು, ಟ್ಯೂಬ್‌ಲೈಟು ಮಾಡುವ ಕೆಲಸವನ್ನೆಲ್ಲ ಕಿಟಕಿಯೇ ಮಾಡಬೇಕಿತ್ತು.

ದಂಡು ಪ್ರದೇಶದ (ಕಂಟೋನ್ಮೆಂಟ್) ಬಂಗಲೆಗಳಲ್ಲಿ ಕಿಟಕಿಯ ನೆತ್ತಿಗೆ ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ ಚೂಪು ಮುಸುಕು ಇರುತ್ತಿತ್ತು. ಅದೇ ನಾವು ಮಂಕಿ ಟಾಪ್ ಎನ್ನುವುದು. ಮಳೆಯ ಇರಿಚಲನ್ನೂ ಬಿಸಿಲನ್ನೂ ತಡೆದು ಪಟ್ಟಿಗಳ ಸಂದಿನಿಂದ ಗಾಳಿಯನ್ನು ಮಾತ್ರ ಒಳಗೆ ಬಿಡುತ್ತಿತ್ತು. ಊರಲ್ಲಿ ಈಗ ಬೆರಳೆಣಿಕೆಯಷ್ಟು ಉಳಿದಿವೆ. ಒಂದೊಂದು ಉರುಳಿದಾಗಲೂ ನನಗೆ ಸಂಕಟವಾಗುತ್ತದೆ.

ಇನ್ನು ನಿಮ್ಮ ತಾತನ ಕಿಟಕಿ. ಕೆಳಗಿನ ಎರಡು ರೆಕ್ಕೆ ಮುಚ್ಚಿದರೆ ಬೀದಿಯವರಿಗೆ ಒಳಗಿನದು ಕಾಣದು. ಆಗಲೂ ಮೇಲಿನ ಎರಡು ತೆರೆದಿರುವುದರಿಂದ ಬೆಳಕಿಗೂ ಗಾಳಿಗೂ ತಡೆಯಿಲ್ಲ. ಚಾಮರಾಜಪೇಟೆಯಲ್ಲಿ ನನ್ನ ಸೋದರತ್ತೆ ಮಧ್ಯಾಹ್ನ ಊಟವಾದ ಮೇಲೆ ಕೆಳಗಿನ ರೆಕ್ಕೆಗಳನ್ನು ಹಾಕಿ, ಅದೇ ಕಿಟಕಿಯ ಬುಡದಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ಬೆಳಕಿನ ಎರಡು ಚೌಕಗಳು ಎದುರುಗೋಡೆಯ ಮೇಲೆ ಬಿದ್ದು ಸರಿಯುತ್ತಿದ್ದುದು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಸರಳುಗಳಿರುವುದರಿಂದ ರಾತ್ರಿಯೂ ಕಿಟಕಿ ತೆರೆದು ಮಲಗಬಹುದು. ಬಿಸಿಗಾಳಿ ಮೇಲೇರುತ್ತದೆ, ಅದು ಹೊರಗೆ ಹೋಗಲು ವೆಂಟಿಲೇಟರ್. ಕಿಟಕಿಯ ಮೇಲೆ ಹೊರಕ್ಕೆ ಚಾಚಿದ ಸಜ್ಜಾ ಮಳೆಗೆ. ಬೆಳಕು, ಗಾಳಿ, ಮರೆ, ಕಾವಲು, ಮಳೆಯ ತಡೆ: ಹೀಗೆ ಐದು ಕೆಲಸಗಳಿಗೆ ಐದು ಅಂಗಗಳು. ಒಂದನ್ನು ಮುಚ್ಚಿದರೆ ಇನ್ನೊಂದು ನಿಲ್ಲುವುದಿಲ್ಲ. ಹೊಸ ಕಿಟಕಿಯಲ್ಲಿ ಈ ಐದನ್ನೂ ಒಂದೇ ಗಾಜಿನ ಹಾಳೆಯ ಮೇಲೆ ಹೊರಿಸಿದ್ದೇವೆ. ಮರೆ ಬೇಕೆಂದು ಪರದೆ ಎಳೆದರೆ ಬೆಳಕು ಹೋಗುತ್ತದೆ, ಮಳೆಗೆಂದು ಗಾಜು ಎಳೆದರೆ ಗಾಳಿ ಹೋಗುತ್ತದೆ.

ಈ ಬದಲಾವಣೆ ಒಂದೇ ಸಲಕ್ಕೆ ಆದದ್ದಲ್ಲ. ಜಯನಗರ, ರಾಜಾಜಿನಗರಗಳಲ್ಲಿ ಕಾಂಕ್ರೀಟ್ ಸೂರು ಬಂದಾಗ ಕೋಣೆಯ ಎತ್ತರ ಇಳಿಯಿತು. ಏಳು ಅಡಿಗೆ ಲಿಂಟಲ್ (ಕಿಟಕಿಯ ನೆತ್ತಿಯ ತೊಲೆ), ಅದರ ಜೊತೆಗೇ ಎರಕ ಹೊಯ್ದ ಸಜ್ಜಾ. ಮೇಲೆ ವೆಂಟಿಲೇಟರಿಗೆ ಜಾಗವೇ ಉಳಿಯಲಿಲ್ಲ. ಒಳ್ಳೆಯ ಮರ ದುಬಾರಿಯಾದಾಗ ಉಕ್ಕಿನ ತೆಳು ಚೌಕಟ್ಟು ಬಂತು, ಸರಳಿನ ಜಾಗಕ್ಕೆ ಹೂಬಳ್ಳಿಯ, ಸೂರ್ಯಕಿರಣದ ವಿನ್ಯಾಸದ ಗ್ರಿಲ್ ಬಂತು. ತೊಂಬತ್ತರ ದಶಕದಲ್ಲಿ ಫ್ಲೋಟ್ ಗಾಜು (ನುಣುಪಾದ ಚಪ್ಪಟೆ ಗಾಜು) ನಮ್ಮ ದೇಶದಲ್ಲೇ ತಯಾರಾಗತೊಡಗಿ ದೊಡ್ಡ ಹಾಳೆಗಳು ಸುಲಭವಾಗಿ ಸಿಕ್ಕವು, ಅಲ್ಯೂಮಿನಿಯಂ ಸ್ಲೈಡಿಂಗ್ ಮನೆಮನೆಗೆ ಹೊಕ್ಕಿತು. ಅದರ ಬೆನ್ನಿಗೆ ಯುಪಿವಿಸಿ. ಸೈಟುಗಳೂ ಕಿರಿದಾದವು, ರೆಕ್ಕೆ ಹೊರಕ್ಕೆ ತೆರೆದರೆ ಪಕ್ಕದ ಮನೆಯ ಗೋಡೆಗೆ ತಾಗುವಲ್ಲಿ ಜಾರುವ ಕಿಟಕಿ ಬೇಕೇ ಬೇಕಾಯಿತು. ಅದನ್ನು ತಪ್ಪು ಎನ್ನಲಾರೆ.

ಆದರೆ ಜಾರು ಕಿಟಕಿಯ ಲೆಕ್ಕ ಒಂದಿದೆ. ಕೋಣೆಯ ನೆಲದ ವಿಸ್ತೀರ್ಣದಲ್ಲಿ ಎಂಟನೆಯ ಒಂದು ಪಾಲಿನಷ್ಟಾದರೂ ತೆರಪು ಬೇಕೆಂಬುದು ಅತಿ ಸೆಕೆಯೂ ಅತಿ ಚಳಿಯೂ ಇಲ್ಲದ ಹವೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಅಳತೆ. ನಿಮ್ಮ ಕೋಣೆ 10×12 ಅಡಿ ಎಂದಿಟ್ಟುಕೊಳ್ಳಿ: 120 ಚದರ ಅಡಿಗೆ 15 ಚದರ ಅಡಿ ತೆರಪು. 4×4 ಅಡಿಯ ರೆಕ್ಕೆ ಕಿಟಕಿ ಪೂರ್ತಿ ತೆರೆದಾಗ ಹತ್ತಿರ ಹತ್ತಿರ 16 ಚದರ ಅಡಿ ಸಿಗುತ್ತದೆ. ಅದೇ ಅಳತೆಯ, ಎರಡು ಗಾಜಿನ ಸ್ಲೈಡಿಂಗ್ ಕಿಟಕಿ ಎಷ್ಟು ಎಳೆದರೂ ಅರ್ಧವೇ ತೆರೆಯುವುದು, ಅಂದರೆ ಎಂಟು. ಅದಕ್ಕೂ ಸೊಳ್ಳೆ ಜಾಲರಿ ಅಡ್ಡ ಬಂದರೆ ಗಾಳಿ ಇನ್ನೂ ಕಡಿಮೆ.

ವೃತ್ತಿಯ ಆರಂಭದ ವರ್ಷಗಳಲ್ಲಿ ಮಲ್ಲೇಶ್ವರದ ಒಂದು ಮನೆಗೆ ನಾನೇ ನಿಂತು ಇಂಥ ಕಿಟಕಿಗಳನ್ನು ಕೀಳಿಸಿ ಅಲ್ಯೂಮಿನಿಯಂ ಹಾಕಿಸಿದೆ. ಮುಂದಿನ ಏಪ್ರಿಲ್‌ನಲ್ಲಿ ಆ ಮನೆಯ ಹಿರಿಯರು ಕರೆದು, ಕೋಣೆಯ ನಡುವೆ ನನ್ನನ್ನು ಕೂರಿಸಿ, ಒಂದು ಮಾತೂ ಆಡದೆ ಹತ್ತು ನಿಮಿಷ ಸುಮ್ಮನಿದ್ದರು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಅಂದಿನಿಂದ ಯಾರ ಮನೆಗೆ ಹೋದರೂ ಮೊದಲು ಹಳೆಯ ಕಿಟಕಿಯನ್ನೇ ನೋಡುತ್ತೇನೆ.

ಹಾಗಾಗಿ ದುರಸ್ತಿ ಮಾಡಿಸಿ. ಚೌಕಟ್ಟಿನ ಕೆಳಮರಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ನೀರು ನಿಂತು ಮೊದಲು ಕೊಳೆಯುವುದು ಅದೇ. ಮೊನೆ ಒಳಗಿಳಿದರೆ ಆ ತುಂಡನ್ನಷ್ಟೇ ಕತ್ತರಿಸಿ ಹೊಸ ಮರ ಸೇರಿಸಬಹುದು, ಇಡೀ ಚೌಕಟ್ಟು ಕೀಳಬೇಕಿಲ್ಲ. ಬಿಗಿಯುವ ರೆಕ್ಕೆಯನ್ನು ಜುಲೈನಲ್ಲಿ ಹೆರೆಸಬೇಡಿ. ಆಗ ಮರ ಉಬ್ಬಿರುತ್ತದೆ. ಉಜ್ಜುಗೊರಡು ಹಾಕಿದರೆ ಫೆಬ್ರವರಿಯಲ್ಲಿ ಒಣಗಿ ಬೆರಳು ತೂರುವಷ್ಟು ಸಂದಿ ಬೀಳುತ್ತದೆ. ಮಳೆಗಾಲದಲ್ಲಿ ತಾಗುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿಟ್ಟು, ಮಳೆ ಮುಗಿದು ಮರ ಆರಿದ ಮೇಲೆ ಆ ಗುರುತಿನಲ್ಲಷ್ಟೇ ತೆಳ್ಳಗೆ ತೆಗೆಸಿ. ತೆಗೆದ ಅಂಚಿಗೆ ಕೂಡಲೇ ಬಣ್ಣ ಕೊಡಿಸಿ. ಬಹುಪಾಲು ಬಡಗಿಗಳು ಅಂಚಿಗೆ ಬಣ್ಣ ಹಚ್ಚದೆ ಬರಿದಾಗಿಯೇ ಬಿಡುತ್ತಾರೆ, ತೇವ ಒಳಗೆ ಹೋಗುವುದು ಅಲ್ಲಿಂದಲೇ.

ಒಂದು ಎಚ್ಚರಿಕೆಯನ್ನು ಮರೆಯಬೇಡಿ. ಅರವತ್ತರ ದಶಕದ ಎನಾಮಲ್ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಮನೆ ಬಣ್ಣದ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಆದ್ದರಿಂದ ಒಣಗಿದ ಬಣ್ಣವನ್ನು ಯಂತ್ರದಲ್ಲಿ ಉಜ್ಜಿಸಬೇಡಿ; ನೀರು ಚಿಮುಕಿಸಿ ಕೆರೆಸಿ, ಚಕ್ಕೆಗಳನ್ನು ಹಾಳೆ ಹಾಸಿ ಹಿಡಿದು ಸುತ್ತಿ ಬಿಸಾಡಿ. ಕೆಲಸ ಮುಗಿಯುವವರೆಗೆ ಮಕ್ಕಳು, ಗರ್ಭಿಣಿಯರು ಆ ಕೋಣೆಗೆ ಬಾರದಿರಲಿ. ಕೆಲಸದವರಿಗೂ ಮುಖಗವಸು ಕೊಡಿ.

ವೆಂಟಿಲೇಟರನ್ನು ಮುಚ್ಚಬೇಡಿ, ಜಾಲರಿ ಹೊಡೆಸಿ. ಕಿಟಕಿಗೂ ಒಳಬದಿಗೆ ತೆಗೆದುಹಾಕುವ ಜಾಲರಿ ಚೌಕಟ್ಟು ಸಾಕು. ಬೀದಿಯ ವಾಹನಗಳ ಸದ್ದು ತಡೆಯಲಾಗದಷ್ಟಿದ್ದರೆ ಆ ಒಂದು ಕೋಣೆಗೆ ಮಾತ್ರ ಯುಪಿವಿಸಿ ಯೋಚಿಸಿ. ಆಗಲೂ ಜಾರುವುದು ಬೇಡ, ರೆಕ್ಕೆಯದೇ ಇರಲಿ. ಮುಚ್ಚಿದಾಗ ಅಂಚಿನ ರಬ್ಬರು ಒತ್ತಿ ಕೂರುವುದರಿಂದ ಸದ್ದನ್ನು ಅದೇ ಚೆನ್ನಾಗಿ ತಡೆಯುತ್ತದೆ.

ಪ್ರಶ್ನೆ: ಯಲಹಂಕದ ಅಪಾರ್ಟ್‌ಮೆಂಟಿನಲ್ಲಿ ನಾಲ್ಕನೆಯ ಮಹಡಿ. ಹಾಲಿಗೆ ಪಶ್ಚಿಮದ ಕಡೆ ನೆಲದಿಂದ ಸೂರಿನವರೆಗೆ ಗಾಜು. ದಪ್ಪ ಪರದೆ ಹಾಕಿದರೂ ಸಂಜೆ ಹಾಲ್ ಒಲೆಯಂತಾಗುತ್ತದೆ. ಎ.ಸಿ. ಬಿಟ್ಟು ಬೇರೆ ದಾರಿ ಇದೆಯೇ?

ಉತ್ತರ: ಇದೆ. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಗಾಜು ದಾಟಿ ಬಂದ ಬಿಸಿಲು ಪರದೆಯನ್ನು ಕಾಯಿಸುತ್ತದೆ. ಕಾದ ಪರದೆಯ ಶಾಖ ಮತ್ತೆ ಗಾಜನ್ನು ದಾಟಿ ಹೊರಗೆ ಹೋಗಲಾರದು, ಕೋಣೆಯಲ್ಲೇ ಉಳಿಯುತ್ತದೆ. ಪರದೆ ಎಷ್ಟು ದಪ್ಪವಾದರೂ ಇಷ್ಟೇ.

ಸಜ್ಜಾ ಕಟ್ಟಿಸಬೇಕೆಂದು ಯಾರಾದರೂ ಹೇಳಿದರೆ ಹಣ ಹಾಕಬೇಡಿ. ಸಂಜೆಯ ಸೂರ್ಯ ಕೆಳಗಿಳಿದು ನೇರ ಎದುರಿಗೆ ನಿಲ್ಲುತ್ತಾನೆ, ಅಡ್ಡ ಚಾಚಿದ ಸಜ್ಜಾ ಅವನನ್ನು ತಡೆಯದು. ಸಜ್ಜಾ ನೆರಳು ಕೊಡುವುದು ಮುಖ್ಯವಾಗಿ ದಕ್ಷಿಣ, ಉತ್ತರದ ಗೋಡೆಗಳಿಗೆ. ಉತ್ತರಕ್ಕೆ ಬಿಸಿಲೇ ಬೀಳದು ಎಂದು ಹಲವರು ತಿಳಿದಿದ್ದಾರೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ; ಏಪ್ರಿಲ್ 24ರ ಸುಮಾರಿಗೆ ನಡುಹಗಲಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆ ಬಂದು ನೆರಳೇ ಇಲ್ಲವಾಗುತ್ತದೆ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಹಗಲ ಸೂರ್ಯ ನಮಗೆ ಉತ್ತರದಲ್ಲೇ ಇರುತ್ತಾನೆ.

ನಿಮ್ಮ ಬಾಲ್ಕನಿಯ ಹೊರ ಅಂಚಿಗೆ ಸುತ್ತಿಡಬಹುದಾದ ಬಿದಿರಿನ ಪರದೆ ಇಳಿಬಿಡಿ, ಕೆಳತುದಿಯನ್ನು ಕಂಬಿಗೆ ಬಿಗಿಯಾಗಿ ಕಟ್ಟಿ. ಮೊದಲು ನಿವಾಸಿಗಳ ಸಂಘದ ಒಪ್ಪಿಗೆ ಪಡೆಯಿರಿ. ಮಧ್ಯಾಹ್ನ ಎರಡಕ್ಕೆ ಇಳಿಸಿ, ಸೂರ್ಯ ಮುಳುಗಿದ ಮೇಲೆ ಎತ್ತಿ. ಕಾಯಂ ಆಗಿ ಮುಚ್ಚಬೇಡಿ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಗಾಳಿ ಬೀಸುವುದು ಅದೇ ಪಶ್ಚಿಮ, ನೈಋತ್ಯದಿಂದ. ರಾತ್ರಿ ಬಾಲ್ಕನಿ ಬಾಗಿಲನ್ನೂ ಅದರ ಎದುರು ಬದಿಯ ಒಂದು ಕಿಟಕಿಯನ್ನೂ ಒಟ್ಟಿಗೆ ತೆರೆದಿಡಿ. ಏಪ್ರಿಲ್‌ನಲ್ಲೂ ನಮ್ಮ ಊರಿನ ರಾತ್ರಿ ತಣ್ಣಗಾಗುತ್ತದೆ, ಹಗಲೆಲ್ಲ ಕಾದ ಗೋಡೆಗಳು ಆ ಗಾಳಿಗೆ ಆರುತ್ತವೆ.

ಪ್ರಶ್ನೆ: ನಾಗರಬಾವಿ ಕಡೆ 20×30 ಅಡಿ ಸೈಟಿನಲ್ಲಿ ಮನೆ ಕಟ್ಟುತ್ತಿದ್ದೇವೆ. ಎರಡೂ ಪಕ್ಕದವರು ಮುಂದೆ ಗೋಡೆ ಎಬ್ಬಿಸುತ್ತಾರೆ. ಪಕ್ಕಕ್ಕೆ ಕಿಟಕಿ ಇಟ್ಟು ಪ್ರಯೋಜನವಿದೆಯೇ?

ಉತ್ತರ: ಪಕ್ಕದ ಕಿಟಕಿಯನ್ನು ನಂಬಿ ನಕ್ಷೆ ಮಾಡಿಸಬೇಡಿ. ಪೇಟೆಯ ಹಳೆಯ ಮನೆಗಳಿಗಿದ್ದ ಕಷ್ಟವೇ ನಿಮಗೂ ಇರುವುದು, ಅವರು ಕಂಡ ದಾರಿಯೇ ನಿಮಗೂ ದಾರಿ: ಬೆಳಕನ್ನು ಮೇಲಿನಿಂದ ತನ್ನಿ. ಮೆಟ್ಟಿಲನ್ನು ಮನೆಯ ನಡುವೆ ಇಟ್ಟು, ಅದರ ಸೂರನ್ನು ಟೆರೇಸಿಗಿಂತ ಮೂರಡಿ ಎತ್ತರಿಸಿ. ನೆತ್ತಿಗೆ ಗಟ್ಟಿ ಗಾಜು, ಪಕ್ಕಗಳಿಗೆ ಮಳೆ ಒಳಬಾರದಂತೆ ಇಳಿಜಾರು ಪಟ್ಟಿಗಳು, ಒಳಗೆ ಜಾಲರಿ. ಮುಂದಿನ ಕಿಟಕಿಯಿಂದ ಬಂದ ಗಾಳಿ ಬಿಸಿಯಾಗಿ ಅಲ್ಲಿಂದ ಹೊರಬೀಳುತ್ತದೆ. ಮೆಟ್ಟಿಲಿಗೆ ತಾಗಿದ ಕೋಣೆಗಳ ಗೋಡೆಯಲ್ಲಿ ಎತ್ತರಕ್ಕೊಂದು ಕಿಂಡಿ ಬಿಟ್ಟರೆ ಅವುಗಳಿಗೂ ಬೆಳಕು ಹಂಚಿಕೆಯಾಗುತ್ತದೆ. ತಾರಸಿ ಎರಕಕ್ಕೆ ಮುಂಚೆಯೇ ಇದನ್ನು ತೀರ್ಮಾನಿಸಿ.

ಪ್ರಶ್ನೆ: ಮನೆಯ ಎಲ್ಲ ಕಿಟಕಿಗೂ ಗ್ರಿಲ್ ಬೆಸುಗೆ ಹಾಕಿಸಿದ್ದೇವೆ. ಬೆಂಕಿ ಬಿದ್ದರೆ ಹೊರಬರುವುದು ಹೇಗೆ ಎಂದು ಮಗಳು ಕೇಳಿದಳು.

ಉತ್ತರ: ಮಗಳು ಕೇಳಿದ್ದು ಸರಿಯಾಗಿದೆ. ಪ್ರತಿ ಮಲಗುವ ಕೋಣೆಯಲ್ಲಿ ಒಂದು ಗ್ರಿಲ್ಲಿಗಾದರೂ ಕೀಲು ಹಾಕಿಸಿ, ದೊಡ್ಡವರೊಬ್ಬರು ನುಸುಳುವಷ್ಟು ಬಾಗಿಲು ಮಾಡಿಸಿ, ಒಳಗಿನಿಂದ ಬೀಗ ಹಾಕಿ. ಬೀಗದ ಕೈಯನ್ನು ಹೊರಗಿನವರ ಕೈಗೆ ಎಟುಕದಂತೆ, ಆದರೆ ಅದೇ ಕೋಣೆಯಲ್ಲಿ, ಮಗಳ ಕೈಗೆ ಸಿಗುವ ಎತ್ತರದಲ್ಲಿ ಮೊಳೆಗೆ ತೂಗುಹಾಕಿ. ದೀಪ ಆರಿಸಿ ಕತ್ತಲಲ್ಲಿ ಒಮ್ಮೆ ಅವಳಿಂದಲೇ ತೆಗೆಸಿ ನೋಡಿ.