ಸಂಪಾದಕರ ಉತ್ತರ: ನೆನಪು ಹೋದ ಮೇಲೂ ಅವ್ವ ಅವ್ವನೇ

ಪ್ರಿಯ ಓದುಗರೇ,

ನಿಮ್ಮ ಹೆಸರು ಹಾಕುತ್ತಿಲ್ಲ. ವಿಷಯವನ್ನು ಮಾತ್ರ ಇಲ್ಲಿ ಹೇಳುತ್ತೇನೆ, ಯಾಕೆಂದರೆ ಇದೇ ಸಂಕಟದಲ್ಲಿರುವ ಮನೆಗಳು ದಾವಣಗೆರೆಯಲ್ಲಿ ಬೇಕಾದಷ್ಟಿವೆ. ನಿಮ್ಮ ಅವ್ವನಿಗೆ ಡಿಮೆನ್ಷಿಯಾ. ನಮ್ಮ ಕಡೆ ಅರಳುಮರಳು ಅಂತ ಹೇಳಿ ಸುಮ್ಮನಾಗಿಬಿಡುವ ಕಾಯಿಲೆ. ವರ್ಷಗಳಿಂದ ನಿಮ್ಮ ಗುರುತು ಹಿಡಿಯುತ್ತಿಲ್ಲ. ಮಾತು ನಿಂತಿದೆ, ಈಗ ನುಂಗುವುದೂ ಕಷ್ಟವಾಗಿದೆ. ಮೂಗಿಗೆ ಪೈಪು ಹಾಕಿಸೋಣವಾ ಅಂತ ಡಾಕ್ಟರ್ ಕೇಳಿದ್ದಾರೆ. ಬೆಂಗಳೂರಿನಲ್ಲಿರುವ ಅಣ್ಣ ಫೋನಿನಲ್ಲಿ, ‘ಅಲ್ಲಿರೋದು ಅವ್ವ ಅಲ್ಲ, ಬರೀ ದೇಹ. ಇನ್ನೇನೂ ಮಾಡಿಸೋದು ಬೇಡ’ ಅಂದಿದ್ದಾರೆ. ನೀವು ಕೇಳಿದ್ದು ಇಷ್ಟು: ‘ಅಣ್ಣ ಹೇಳಿದ್ದು ನಿಜಾನಾ? ಪೈಪು ಬೇಡ ಅಂದರೆ ನಾನೇ ಕೊಂದ ಹಾಗಾ?’

ಮೊದಲ ಪ್ರಶ್ನೆಗೆ ಸುತ್ತಿಬಳಸದೆ ಉತ್ತರ ಕೊಡುತ್ತೇನೆ. ನಿಜ ಅಲ್ಲ. ಅವರು ನಿಮ್ಮ ಅವ್ವನೇ, ನಮ್ಮೆಲ್ಲರಷ್ಟೇ ಮನುಷ್ಯಳು. ಇದರಲ್ಲಿ ಅರ್ಧ, ಮುಕ್ಕಾಲು ಅನ್ನೋದಿಲ್ಲ.

ಅಣ್ಣನ ವಾದ ಹಳೆಯದು. ಒಬ್ಬ ವ್ಯಕ್ತಿ ನಿನ್ನೆಯೂ ಇವತ್ತೂ ಅದೇ ವ್ಯಕ್ತಿ ಆಗಿರುವುದು ಪ್ರಜ್ಞೆ ಮತ್ತು ನೆನಪಿನಿಂದ ಎಂದು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 17ನೇ ಶತಮಾನದಲ್ಲೇ ಹೇಳಿದ್ದ. ಕೇಳಿದರೆ ಸರಿ ಅನ್ನಿಸುತ್ತದೆ. ಆದರೆ ಆರು ತಿಂಗಳ ಕೂಸಾಗಿದ್ದಾಗ ಅವ್ವ ಉಣಿಸಿದ್ದು ನಿಮ್ಮ ಅಣ್ಣನಿಗೆ ನೆನಪಿದೆಯಾ? ತೊಟ್ಟಿಲಲ್ಲಿ ಇರೋದು ಬರೀ ದೇಹ ಅಂತ ಆಗ ಯಾರಾದರೂ ಅಂದರಾ? ಕೂಸಿಗೆ ಮುಂದೆ ಬುದ್ಧಿ ಬರುತ್ತೆ, ಅವ್ವನಿಗೆ ಇನ್ನು ಬರೋಲ್ಲ ಅಂತ ಅವರು ಹೇಳಬಹುದು. ಹಾಗಾದರೆ ಹುಟ್ಟಿನಿಂದಲೇ ಬುದ್ಧಿ ಬೆಳೆಯದ ಮಕ್ಕಳನ್ನು ಏನು ಮಾಡೋಣ, ಲೆಕ್ಕದಿಂದ ಬಿಡೋಣವಾ? 1939ರಿಂದ ಜರ್ಮನಿಯಲ್ಲಿ ನಾಜಿಗಳು ಮಾನಸಿಕ ರೋಗಿಗಳನ್ನೂ ಅಂಗವಿಕಲರನ್ನೂ ಕೊಂದದ್ದು ಇದೇ ಮಾತು ಹೇಳಿ, ಇವು ಬದುಕಲು ಯೋಗ್ಯವಲ್ಲದ ಜೀವಗಳು ಅಂತ. ನಿಮ್ಮ ಅಣ್ಣ ಅಂಥವರಲ್ಲ, ದುಃಖದಲ್ಲಿ ಆಡಿದ ಮಾತು ಅದು. ಆದರೂ ಆ ಮಾತು ಬೇಡ ಅಂತ ಅವರಿಗೆ ಹೇಳಿ.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ ಡಿಮೆನ್ಷಿಯಾ ಇರುವವರ ಬಗ್ಗೆಯೇ ಕೆಲಸ ಮಾಡಿದವರು. ಒಬ್ಬರ ವ್ಯಕ್ತಿತ್ವ ಉಳಿಯುವುದು ಸುತ್ತಲಿನವರು ಅವರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಅನ್ನುವುದು ಅವರ ವಾದ. ಎದುರಿಗೇ ಇರುವವರ ಬಗ್ಗೆ ಅವರು ಇಲ್ಲವೇ ಇಲ್ಲ ಎಂಬಂತೆ ಮಾತಾಡುವುದು, ಹೇಳದೆ ಕೇಳದೆ ಎತ್ತಿ ಕೂರಿಸುವುದು, ಕಾಯಿಲೆಯ ಜೊತೆಗೆ ಇಂಥವೂ ಕೆಡುಕು ಮಾಡುತ್ತವೆ ಎಂದು ಅವರು ಹೇಳಿದರು. ಇದು ನೂರಕ್ಕೆ ನೂರು ಸರಿ. ಆದರೆ ಮನುಷ್ಯತನ ಬೇರೆಯವರು ಕೊಡುವಂಥದ್ದು ಅಂದುಬಿಟ್ಟರೆ ಬೇರೆಯವರು ಕಿತ್ತುಕೊಳ್ಳಲೂಬಹುದು ಅಂತ ಆಗುತ್ತೆ, ಅಲ್ವಾ? ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ರೈಲು ನಿಲ್ದಾಣದಲ್ಲಿ ಯಾರೂ ದಿಕ್ಕಿಲ್ಲದೆ ಮಲಗಿರುವ ಮುದುಕನೂ ಮನುಷ್ಯನೇ.

ನಿಮ್ಮ ಪತ್ರದ ಒಂದು ಸಾಲಿನ ಹತ್ತಿರ ತುಂಬ ಹೊತ್ತು ನಿಂತೆ. ಖಾನಾವಳಿಯಲ್ಲಿ ರೊಟ್ಟಿ ಬಡಿದೇ ನಿಮ್ಮಿಬ್ಬರನ್ನು ಸಾಕಿದ ಅವ್ವ, ಈಗಲೂ ಸಂಜೆ ಹೊತ್ತು ಹಾಸಿಗೆಯ ಅಂಚನ್ನು ಅಂಗೈಯಿಂದ ತಟ್ಟುತ್ತಾ, ತಟ್ಟುತ್ತಾ ಗುಂಡಗೆ ತಿರುಗಿಸುತ್ತಾರೆ ಅಂತ ಬರೆದಿದ್ದೀರಿ. ಅದನ್ನು ನೋಡಿದ ಮೇಲೂ ಅಲ್ಲಿ ಯಾರೂ ಇಲ್ಲ ಅನ್ನೋದು ಹೇಗೆ? 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಆಲ್‌ಝೈಮರ್ಸ್ ಎಂಬ ಬಗೆಯ ಡಿಮೆನ್ಷಿಯಾ ಇರುವವರಿಗೆ ಅಳು ಬರಿಸುವ, ನಗು ಬರಿಸುವ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ನೋಡಿದ್ದು ಮರೆತುಹೋಯಿತು, ಆದರೆ ಆ ದುಃಖ, ಆ ಖುಷಿ ಮನಸ್ಸಿನಲ್ಲಿ ಹಾಗೇ ಉಳಿದಿತ್ತು. ನೀವು ಬೆಳಿಗ್ಗೆ ತಲೆ ಬಾಚಿದ್ದು ಅವ್ವನಿಗೆ ನೆನಪಿರಲಿಕ್ಕಿಲ್ಲ. ಅದು ಅವರಿಗೆ ತಲುಪಲೇ ಇಲ್ಲ ಅಂದುಕೊಳ್ಳಬೇಡಿ.

ಈಗ ಎರಡನೇ ಪ್ರಶ್ನೆ. ನೀವೂ ಅಣ್ಣನೂ ಎರಡು ಬೇರೆ ಸಂಗತಿಗಳನ್ನು ಒಂದೇ ಗಂಟು ಹಾಕಿದ್ದೀರಿ. ಅವ್ವ ಮನುಷ್ಯಳು ಹೌದೋ ಅಲ್ಲವೋ ಅನ್ನೋದು ಒಂದು, ಪೈಪು ಹಾಕಿಸಬೇಕೋ ಬೇಡವೋ ಅನ್ನೋದು ಇನ್ನೊಂದು. ಚಿಕಿತ್ಸೆ ಬೇಡ ಅನ್ನಲು ಅಣ್ಣ ಅವ್ವನನ್ನು ಬರೀ ದೇಹ ಅನ್ನಬೇಕಾಗಿಲ್ಲ. ಅವ್ವ ಮನುಷ್ಯಳು ಅಂತ ತೋರಿಸಲು ನೀವು ಪೈಪು ಹಾಕಿಸಬೇಕಾಗಿಲ್ಲ.

ಅರುಣಾ ಶಾನಭಾಗ್ ನೆನಪಿರಬಹುದು. ಉತ್ತರ ಕನ್ನಡದ ಹಳದೀಪುರದವರು, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್‌ನಲ್ಲಿ ಅಲ್ಲೇ ಕೆಲಸಕ್ಕಿದ್ದ ಒಬ್ಬನ ಅತ್ಯಾಚಾರ, ಹಲ್ಲೆಗೆ ಸಿಕ್ಕಿ ಮಿದುಳಿಗೆ ಏಟಾಯಿತು. ಆಮೇಲೆ 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದರು. ಪತ್ರಕರ್ತೆ ಪಿಂಕಿ ವಿರಾನಿ ಅವರು ಅರುಣಾಗೆ ಇನ್ನು ಶಾಂತಿಯಿಂದ ಹೋಗಲು ಬಿಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಆಸ್ಪತ್ರೆಯ ನರ್ಸುಗಳು, ‘ಅದು ಬೇಡ, ನಾವೇ ನೋಡಿಕೊಳ್ಳುತ್ತೇವೆ’ ಎಂದರು. ತಲೆಮಾರುಗಳ ನರ್ಸುಗಳು ಅವರಿಗೆ ಉಣಿಸಿ, ಮೈ ತೊಳೆದು, ಮಗ್ಗುಲು ಬದಲಿಸಿ ನೋಡಿಕೊಂಡಿದ್ದರು. 2011ರ ಮಾರ್ಚ್ 7ರಂದು ಕೋರ್ಟ್ ನರ್ಸುಗಳ ಮಾತಿಗೇ ಬೆಲೆ ಕೊಟ್ಟಿತು. ಈ ಜಗಳದಲ್ಲಿ ಎರಡೂ ಕಡೆಯವರು ಅರುಣಾರನ್ನು ಪೂರ್ತಿ ಮನುಷ್ಯಳೆಂದೇ ಎಣಿಸಿದ್ದರು. ಒಬ್ಬ ಮನುಷ್ಯಳಿಗೆ ಇಂಥ ಸ್ಥಿತಿಯಲ್ಲಿ ಯಾವುದು ಒಳ್ಳೆಯದು ಅನ್ನೋದೇ ಅವರ ಜಗಳ. ನೀವೂ ಅಣ್ಣನೂ ಜಗಳ ಆಡುವುದಾದರೆ ಅದರ ಮೇಲೆ ಆಡಿ.

ಪೈಪಿನ ವಿಷಯ. ಡಿಮೆನ್ಷಿಯಾದ ಕೊನೆಯ ಹಂತದಲ್ಲಿ ಪೈಪಿನಿಂದ ಆಯಸ್ಸು ಹೆಚ್ಚುತ್ತದೆ ಎನ್ನಲು ಒಳ್ಳೆಯ ಪುರಾವೆ ಇಲ್ಲ. ಆಹಾರ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುವುದೂ ಅದರಿಂದ ತಪ್ಪುವುದಿಲ್ಲ. ರೋಗಿಗಳು ಪೈಪು ಕಿತ್ತುಕೊಳ್ಳುತ್ತಾರೆ ಅಂತ ಎಷ್ಟೋ ಕಡೆ ಕೈ ಕಟ್ಟಿಹಾಕುತ್ತಾರೆ. ರೊಟ್ಟಿ ತಟ್ಟುವ ಆ ಕೈಗಳನ್ನು ಕಟ್ಟಿಹಾಕುವುದನ್ನು ಯೋಚಿಸಿ ನೋಡಿ. ಅಮೆರಿಕದ ವೃದ್ಧರ ಆರೈಕೆಯ ವೈದ್ಯರ ಸಂಘವೂ ಈ ಹಂತದಲ್ಲಿ ಪೈಪಿಗಿಂತ ತಾಳ್ಮೆಯಿಂದ ಕೈಯಲ್ಲಿ ಉಣಿಸುವುದನ್ನೇ ಹೇಳುತ್ತದೆ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ. ಅರ್ಧ ಚಮಚ ಗಟ್ಟಿ ರಾಗಿ ಗಂಜಿ ಕೊಟ್ಟು, ನುಂಗಿದ್ದು ಖಾತ್ರಿಯಾದ ಮೇಲೆ ಇನ್ನರ್ಧ ಚಮಚ. ತಿಂದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಬಾಯಿ ಬಿಗಿ ಹಿಡಿದರೆ ಒತ್ತಾಯ ಬೇಡ. ಹೊಟ್ಟೆಗೆ ಸೇರುವುದು ದಿನೇ ದಿನೇ ಕಡಿಮೆಯಾಗಬಹುದು, ಅದು ಕಾಯಿಲೆಯ ದಾರಿ. ಅದಕ್ಕೆ ನೀವು ಕೊಲೆಗಾರ್ತಿ ಆಗುವುದಿಲ್ಲ. ನಾನು ಡಾಕ್ಟರಲ್ಲ, ಹಾಗಾಗಿ ಪೈಪಿನಿಂದ ನಮ್ಮವ್ವನಿಗೆ ನಿಜವಾಗಿ ಏನು ಲಾಭ, ನೋವು ಕಡಿಮೆ ಮಾಡಲು ಬೇರೆ ಏನು ಮಾಡಬಹುದು ಅಂತ ನಿಮ್ಮ ಡಾಕ್ಟರನ್ನೇ ಬಿಡಿಸಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ಕಾನೂನಿನ ಬಗ್ಗೆಯೂ ಒಂದು ಮಾತು. ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಅದನ್ನು ಜಾರಿಗೆ ತರಲು ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಈ ಹಕ್ಕಿಗಾಗಿ ವರ್ಷಗಟ್ಟಲೆ ಪತ್ರ ಬರೆದು ಹೋರಾಡಿದ ಒಬ್ಬ ನಿವೃತ್ತ ಶಿಕ್ಷಕಿ ನಮ್ಮ ದಾವಣಗೆರೆಯವರೇ. ನನಗೆ ಇಂಥ ಸ್ಥಿತಿ ಬಂದರೆ ಇಂಥ ಚಿಕಿತ್ಸೆ ಬೇಡ ಎಂದು ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿ ಇಡಬಹುದು. ಅವ್ವನಿಗೆ ಅದು ಇನ್ನು ಸಾಧ್ಯವಿಲ್ಲ. ನಿಮಗೂ ಅಣ್ಣನಿಗೂ ಸಾಧ್ಯ. ಬರೆದಿಟ್ಟರೆ ನಿಮ್ಮ ಮಕ್ಕಳು ನಿಮ್ಮ ಹಾಗೆ ರಾತ್ರಿಯೆಲ್ಲ ಒದ್ದಾಡುವುದು ತಪ್ಪುತ್ತದೆ.

ಪತ್ರದ ಕೊನೆಗೆ ನೀವು ಹೊಲಿಗೆ ಅಂಗಡಿ ಮುಚ್ಚಿದ್ದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಅದು ಸಣ್ಣ ವಿಷಯ ಅಲ್ಲ. ಮಗಳು ಇದ್ದಾಳಲ್ಲ, ನೋಡಿಕೊಳ್ಳುತ್ತಾಳೆ ಅಂತ ಇಡೀ ಬಂಧುಬಳಗ ಕೈ ತೊಳೆದುಕೊಳ್ಳುವುದು ಅನ್ಯಾಯ, ಇದನ್ನು ನಾನು ಅಣ್ಣನಿಗೂ ಹೇಳುತ್ತಿದ್ದೇನೆ. ಹಗಲು ಹೊತ್ತಿಗೆ ಒಬ್ಬ ಆಯಾ ಇಟ್ಟುಕೊಳ್ಳಿ, ಸಂಬಳ ಅಣ್ಣ ಕೊಡಲಿ. ತಿಂಗಳಿಗೆ ಕೆಲವು ದಿನ ಅವರೇ ಬಂದು ಅವ್ವನ ಹತ್ತಿರ ಇರಲಿ, ಆ ದಿನ ಉಣಿಸುವುದು, ಬಟ್ಟೆ ಬದಲಿಸುವುದು ಎಲ್ಲ ಅವರದೇ ಆಗಲಿ. ಪೈಪಿನ ತೀರ್ಮಾನವನ್ನು ಫೋನಿನಲ್ಲಿ ಮಾಡಬೇಡಿ. ಅವರು ಬಂದು ಇದ್ದ ಮೇಲೆ ಇಬ್ಬರೂ ಡಾಕ್ಟರ ಎದುರು ಕೂತು ಮಾತಾಡಿ. ಆಮೇಲೆ ನನಗೂ ಒಂದು ಸಾಲು ಬರೆಯಿರಿ.

- ಸಂಪಾದಕ